ಮಡಿಲು ತುಂಬಿದ ಮರುದಿನ

ಮೊನ್ನೆ ಅಟ್ಟದಿಂದ ಇಳಿಸಿದ ಒಣಕಾಯಿಯೊಂದನ್ನು ಮಗಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗೊಡಗೊಡ ಎಂದಿತು. “ಆಗಿದೆ ಅಮ್ಮ, ಒಡಿ,” ಅಂದಳು. ಪಿಯುಸಿ ಓದುವ ಹುಡುಗಿ, ಕೊಬ್ಬರಿ ಷೆಡ್ಡಿನೊಳಗೆ ಕೆಲಸ ಮಾಡಿದವಳಲ್ಲ. ನಾನಂತೂ ಅವಳಿಗೆ ಇದನ್ನು ಹೇಳಿಕೊಟ್ಟಿಲ್ಲ. ಆದರೆ ಅವಳು ಹೊಟ್ಟೆಯಲ್ಲಿದ್ದಾಗ ಐದು ತಿಂಗಳು ಬರೀ ಈ ಸದ್ದನ್ನೇ ಕೇಳಿಸಿಕೊಂಡಿದ್ದಾಳೆ. ಕೇಳಿಸಿದವರು ನಮ್ಮ ಮೇಸ್ತ್ರಿ ಅಕ್ಕ...

ಕಿಬ್ಬನಹಳ್ಳಿಯ ಹತ್ತಿರ ಆ ಷೆಡ್ಡು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವುದು ಹೆಂಗಸರಾದ ನಮ್ಮ ಕೆಲಸ. ಮೇಸ್ತ್ರಿಯೂ ಹೆಂಗಸೇ. ಬಾಯಿ ತುಂಬ ಎಲೆ ಅಡಿಕೆ, ಮೂರು ತೋಟದಾಚೆಗೂ ಕೇಳುವ ಗಂಟಲು. ನಾನು ಹೊಸಬಳು, ಹೊರುವವಳು. ರಾಶಿಯಿಂದ ಮಂಕರಿಗೆ ಕಾಯಿ ತುಂಬಿ, ಸೊಂಟಕ್ಕೆ ಇಟ್ಟುಕೊಂಡು, ಒಡೆಯುವವರ ಮುಂದೆ ತಂದು ಸುರಿಯಬೇಕಿತ್ತು.

ಸಾಹುಕಾರರು ಕೆಟ್ಟವರಾಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಲಸದವಳು ಬಸುರಿ ಎಂದು ತಿಳಿದರೆ ಅವರೇ ಮನೆಯಿಂದ ಹೆಂಡತಿಯನ್ನು ಕರೆಸಿ, ರವಿಕೆ ಕಣ, ಬಳೆ, ಕೊಬ್ಬರಿ, ಬೆಲ್ಲ ಕೊಡಿಸಿ ಮಡಿಲು ತುಂಬಿಸುತ್ತಿದ್ದರು. “ಮನೇಲಿ ಆರಾಮಾಗಿರಮ್ಮ,” ಎಂದು ಪ್ರೀತಿಯಿಂದಲೇ ಕಳಿಸುತ್ತಿದ್ದರು. ಹಾಗೆ ಹೋದವಳು ಕೂಸು ಎತ್ತಿಕೊಂಡು ವಾಪಸು ಬರುವಷ್ಟರಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು. ಹಾಗಾಗಿ ನಮ್ಮಲ್ಲಿ ಮಡಿಲು ತುಂಬಿಸಿಕೊಳ್ಳುವುದೆಂದರೆ ಕೆಲಸ ಹೋಯಿತು ಎಂದೇ ಅರ್ಥ.

ನನಗೆ ನಾಲ್ಕನೇ ತಿಂಗಳು. ಯಾರಿಗೂ ಹೇಳಿರಲಿಲ್ಲ. ಈ ಕೆಲಸ ಹೋದರೆ ಒಂದು ಸೋಪಿಗೂ ಅತ್ತೆಯ ಮುಂದೆ ಕೈಚಾಚಬೇಕಿತ್ತು. ಸೆರಗನ್ನು ಸಡಿಲವಾಗಿ ಹೊದ್ದು, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನಷ್ಟಕ್ಕೆ ಬೀಗುತ್ತಿದ್ದೆ. ಒಂದು ಬೆಳಗ್ಗೆ ಮೇಸ್ತ್ರಿ ಅಕ್ಕ ಪಕ್ಕಕ್ಕೆ ಕರೆದರು.

“ಮಂಕರಿ ಸೊಂಟಕ್ಕೆ ಇಡೋದು ಬುಟ್ಟು ತಲೆ ಮೇಲೆ ಹೊರ್ತಿದ್ದೀಯಲ್ಲ, ಎಷ್ಟು ತಿಂಗಳು ಕಣೇ?”

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. “ಅಳೋದು ಆಮೇಲೆ ಇಟ್ಕೊ. ನಾಳೆಯಿಂದ ಹೊರಬೇಡ,” ಎಂದಷ್ಟೇ ಹೇಳಿ ಹೋದರು.

ಮರುದಿನ ತಮ್ಮೂರು ಹೊನ್ನವಳ್ಳಿಯ ಬಸ್ಸಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿಡಿದುಕೊಂಡು ಇಳಿದರು. ಅವರ ಮನೆಯದೇ. ಕಂಡಕ್ಟರ್ ಲಗೇಜು ಕೇಳಿದನಂತೆ. “ಇದೇನು ನಿನ್ ಸೀಟಲ್ ಕೂತೈತೇನಪ್ಪಾ? ನಿಂತ್ಕೊಂಡೇ ಬತ್ತೈತಲ್ಲ,” ಎಂದು ಅವನ ಬಾಯಿ ಮುಚ್ಚಿಸಿದ್ದರು. ಕಾಯಿರಾಶಿಯ ಪಕ್ಕ ಕುರ್ಚಿ ಹಾಕಿ ನನ್ನನ್ನು ಕೂರಿಸಿ ಹೊಸ ಕೆಲಸ ಕಲಿಸಿದರು. ಕಣ್ಣು ಮುಚ್ಚಿ ಕಾಯಿಯನ್ನು ಒಂದೇ ಸಲ ಅಲ್ಲಾಡಿಸಬೇಕು. ಕುಲುಕುಲು ಎಂದರೆ ಇನ್ನೂ ನೀರಿದೆ, ಅಟ್ಟಕ್ಕೆ ವಾಪಸು. ಗೊಡಗೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಕಷ್ಟವಿದ್ದದ್ದು ಇವೆರಡರ ನಡುವಿನದು. ನೀರು ಬತ್ತಿರುತ್ತದೆ, ಕೊಬ್ಬರಿ ಮಾತ್ರ ಒಂದು ಕಡೆ ಚಿಪ್ಪಿಗೆ ಅಂಟಿರುತ್ತದೆ. ಸದ್ದು ಮಂದ. ಅದನ್ನು ಒಡೆದರೆ ಕೊಬ್ಬರಿ ಹರಿದು ಚೂರಾಗುತ್ತದೆ. ಹದಿನೈದು ದಿನದಲ್ಲಿ ನನ್ನ ಕಿವಿ ಹದಕ್ಕೆ ಬಂತು. ಕಾಯಿ ಗೊಡಗುಟ್ಟಿದಾಗೆಲ್ಲ ಹೊಟ್ಟೆಯೊಳಗಿನದೂ ಒಂದು ಒದೆ ಕೊಡುತ್ತಿತ್ತು.

ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ಸಾಹುಕಾರರು ಬಂದರು. ಕುರ್ಚಿ ನೋಡಿದರು, ನನ್ನ ಹೊಟ್ಟೆ ನೋಡಿದರು. “ಮೊದಲೇ ಹೇಳ್ಬಾರ್ದೇನಮ್ಮ? ಮಡಿಲು ತುಂಬ್ಸಿ ಕಳಿಸ್ತಿದ್ದೆ,” ಅಂದರು.

ಮೇಸ್ತ್ರಿ ಅಕ್ಕ ಅಡ್ಡ ಬಂದರು. “ಅವಳು ಕೂತ ಮೇಲೆ ಕೊಬ್ಬರಿ ಚೂರು ಎಷ್ಟು ಕಮ್ಮಿ ಆಗೈತೆ ನೀವೇ ನೋಡಿ ಸಾವ್ಕಾರ್ರೇ. ಅನುಮಾನ ಇದ್ರೆ ಒಂದು ಕಾಯಿ ತಗೊಂಡು ಅವಳ ಕಿವಿ ಪರೀಕ್ಷೆ ಮಾಡಿ.”

ಸಾಹುಕಾರರಿಗೆ ತಮ್ಮ ಕಿವಿಯ ಮೇಲೆ ಬಲು ಹೆಮ್ಮೆ. ರಾಶಿಯಿಂದ ಒಂದನ್ನು ಆರಿಸಿ ಅಲ್ಲಾಡಿಸಿ, “ಆಗಿದೆ,” ಎಂದರು. ನಾನು ಅಲ್ಲಾಡಿಸಿದೆ. ಸದ್ದು ಮಂದವಾಗಿತ್ತು. ಕೂಲಿಯವಳು ಸಾಹುಕಾರರನ್ನು ಸುಳ್ಳು ಮಾಡುವುದು ಹೇಗೆ? ಮೇಸ್ತ್ರಿ ಅಕ್ಕನ ಮುಖ ನೋಡಿದೆ. ಅವರು ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸಿದ್ದರು.

“ಇಲ್ಲ ಸಾವ್ಕಾರ್ರೇ, ಒಂದು ಕಡೆ ಅಂಟೈತೆ,” ಎಂದೆ.

ಅವರೇ ಮಚ್ಚು ತೆಗೆದುಕೊಂಡು ಒಡೆದರು. ಅರ್ಧ ಕೊಬ್ಬರಿ ಕೈಗೆ ಬಂತು, ಇನ್ನರ್ಧ ಚಿಪ್ಪಿನಲ್ಲೇ ಉಳಿಯಿತು. ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಾಹುಕಾರರು ಒಂದು ಗಳಿಗೆ ಚಿಪ್ಪನ್ನೇ ದಿಟ್ಟಿಸಿ, ಆಮೇಲೆ ತಾವೇ ಜೋರಾಗಿ ನಕ್ಕರು. “ಸರಿ, ಇರ್ಲಿ ಬಿಡು,” ಎಂದರು. ಆದರೂ ಶುಕ್ರವಾರ ಅವರ ಹೆಂಡತಿ ಹೂವು, ಬಳೆ ಹಿಡಿದು ಬಂದೇಬಿಟ್ಟಾಗ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಮೇಸ್ತ್ರಿ ಅಕ್ಕ ತಾವೇ ಮುಂದೆ ನಿಂತು, “ಮಡಿಲು ತುಂಬಿ ತಾಯಿ, ಸಂತೋಷ. ನಾಳೆ ಎಂಟು ಗಂಟೆಗೆ ಕೆಲಸಕ್ಕೆ ಬತ್ತಾಳೆ,” ಎಂದು ಎಲ್ಲರೆದುರು ಸಾರಿದರು. ಮರುದಿನ ನಾನು ಹೊಸ ಬಳೆ ಸದ್ದು ಮಾಡುತ್ತಾ ಷೆಡ್ಡಿಗೆ ಹೋದೆ. ಹೆತ್ತು, ಬಾಣಂತನ ಮುಗಿಸಿ ಹೋದಾಗಲೂ ನನ್ನ ಜಾಗ ಹಾಗೇ ಇತ್ತು. ಪಕ್ಕದ ಕಂಬಕ್ಕೆ ಮಗಳ ಜೋಲಿ ಕಟ್ಟಿಕೊಟ್ಟವರೂ ಅವರೇ.

ಬಹಳ ಕಾಲದ ಮೇಲೆ ಗೊತ್ತಾಯಿತು, ಮೇಸ್ತ್ರಿ ಅಕ್ಕನನ್ನೂ ಹಿಂದೊಮ್ಮೆ ಇದೇ ಷೆಡ್ಡಿನಿಂದ ಮಡಿಲು ತುಂಬಿಸಿ ಕಳಿಸಿದ್ದರಂತೆ. ಮತ್ತೆ ಒಳಗೆ ಸೇರಲು ಅವರಿಗೆ ಆರು ವರ್ಷ ಬೇಕಾಯಿತಂತೆ. ನಮಗೆ ಒಂದು ದಿನವೂ ಹೇಳಲಿಲ್ಲ...

ಕೊನೆಗಾಲದಲ್ಲಿ ಅವರಿಗೆ ಕಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. ಹೊನ್ನವಳ್ಳಿಗೆ ನೋಡಲು ಹೋದಾಗ ಚೇಷ್ಟೆಗೆ ಒಂದು ಒಣಕಾಯಿ ಕೈಗೆ ಕೊಟ್ಟೆ. ಅಲ್ಲಾಡಿಸಿದರು. “ಆಗೈತೆ ಕಣೇ. ಕೈಗೂ ಗೊತ್ತಾಯ್ತದೆ,” ಎಂದು ನಕ್ಕರು. ಅದೇ ಕೊನೆಯ ಭೇಟಿ. ನನ್ನ ತಾಯಿ ಹೋದಾಗ ಅತ್ತಷ್ಟೇ ಅವರು ಹೋದಾಗಲೂ ಅತ್ತೆ.

ಈಗ ಆ ಷೆಡ್ಡಿಗೆ ನಾನೇ ಮೇಸ್ತ್ರಿ. ನಿನ್ನೆ ಹೊಸ ಹುಡುಗಿಯೊಬ್ಬಳು ಮಂಕರಿಯನ್ನು ಸೊಂಟಕ್ಕಿಡದೆ ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ನಾನು ಮೂಲೆಯಿಂದ ಕೆಂಪು ಕುರ್ಚಿ ಎಳೆದೆ. ಬಣ್ಣ ಮಾಸಿದೆ, ಒಂದು ಕಾಲಿಗೆ ತಂತಿ ಬಿಗಿದಿದೆ. ಹುಡುಗಿ ಮಂಕರಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ಮಡಿಲು ತುಂಬ್ಸಿ ಕಳಿಸ್ಬುಡ್ತೀರಾ ಅಕ್ಕಾ?”

“ತುಂಬ್ಸೋದು ತುಂಬುಸ್ತೀವಿ ಕಣೇ. ಮಾರನೇ ದಿನ ಎಂಟು ಗಂಟೆಗೆ ಬರ್ಬೇಕು.”

ಹೇಳಿದ ಮೇಲೆ, ಸರಿಯಾಗಿ ಹೇಳಿದೆನೇ ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಮೇಸ್ತ್ರಿ ಅಕ್ಕ ಅಲ್ಲಿರಲಿಲ್ಲ.