ಏಳರಲ್ಲಿ ಉಳಿದ ಎರಡು

ಆ ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪ್ರೂಫಕ್ಕ ಎಂದು. ಲೆಕ್ಕದ ಪುಸ್ತಕಗಳ ಕರಡು ತಿದ್ದುವುದೇ ಅವಳ ಕೆಲಸ. ಕಣ್ಣು ರೂಢಿಗೆ ಬಿದ್ದು ಮೋಸ ಹೋಗಬಾರದೆಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಓದುತ್ತಿದ್ದಳು. ಪುಟದ ಮೂಲೆಯಲ್ಲಿ ಅವಳ ಸಹಿ ಬಿತ್ತೆಂದರೆ ಮುಗಿಯಿತು, ಮಾಲೀಕರೂ ಮರುಮಾತಾಡದೆ ಅಚ್ಚಿಗೆ ಕಳಿಸುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ತಪ್ಪು ಅವಳ ಕೈ ದಾಟಿರಲಿಲ್ಲ.

ಅಂಕಿಗಳ ಜೊತೆ ಏಗಿ ಏಗಿ ಅವಳಿಗೊಂದು ಹುಚ್ಚು ಹತ್ತಿತ್ತು. ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಒಂದು ಸಂಖ್ಯೆ ಕಟ್ಟಬೇಕು. ಅದರ ಮೊದಲ ಎರಡು ಅಂಕಿ ಎರಡರಿಂದ, ಮೊದಲ ಮೂರು ಮೂರರಿಂದ, ಹೀಗೆ ಒಂಬತ್ತರವರೆಗೂ ಶೇಷವಿಲ್ಲದೆ ಭಾಗವಾಗಬೇಕು. ಎರಡು ವರ್ಷ ಹಾಳು ಕಾಗದಗಳ ಬೆನ್ನಮೇಲೆ ಗೀಚಿದ ಮೇಲೆ ಸಿಕ್ಕಿದ್ದು 381654729. ಮೂವತ್ತೆಂಟು ಎರಡಕ್ಕೆ ಸೈ, ಮುನ್ನೂರ ಎಂಬತ್ತೊಂದು ಮೂರಕ್ಕೆ ಸೈ, ಕೊನೆತನಕ ಎಲ್ಲೂ ಕೈಕೊಡುವುದಿಲ್ಲ. ಅಂಥದ್ದು ಅದೊಂದೇ, ಎರಡನೆಯದಿಲ್ಲ. ಅವಳು ಹಿಗ್ಗಿ ಹೀರೇಕಾಯಿಯಾದಳು.

ತೋರಿಸಿದ್ದು ಅಕ್ಕನ ಗಂಡನಿಗೆ. ಭಾವ ಗಣಿತದ ಮೇಷ್ಟ್ರು, ಪಠ್ಯಪುಸ್ತಕ ಬರೆಯುವವನು. "ಬೇರೆ ಕೆಲಸ ಇಲ್ವಾ ನಿಂಗೆ?" ಎಂದು ನಕ್ಕು ಚೀಟಿಯನ್ನು ಜೇಬಿಗಿಳಿಸಿದ. ಆರು ತಿಂಗಳಿಗೆ ಅವನ ಹೊಸ ಪುಸ್ತಕದ ಕರಡು ಅವಳ ಮೇಜಿಗೇ ಬಂತು. 'ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದ ಸಂಖ್ಯೆ' ಎಂದು ಮೊದಲ ಅಧ್ಯಾಯದಲ್ಲೇ ಕೊಚ್ಚಿಕೊಂಡಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮನೆಗೆ ಹೋಗಿ ಕೇಳಿದ್ದಕ್ಕೆ, "ಅಂಕಿಗಳೇನು ನಿಮ್ಮಪ್ಪನ ಸ್ವತ್ತಾ? ತಿದ್ದೋದು ನಿನ್ ಕೆಲಸ, ತಿದ್ದು ಹೋಗು" ಅಂದ.

ಮರುದಿನ ಅವಳು ಬಲದಿಂದ ಓದಿದಳು. ಒಂಬತ್ತು, ಏಳು, ಎರಡು. ಅಕ್ಷರ ಜೋಡಿಸಿದವನು ಏಳು-ಎರಡನ್ನು ಅದಲುಬದಲು ಮಾಡಿ 381654279 ಎಂದು ಕೂರಿಸಿದ್ದ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಇಷ್ಟು ವರ್ಷದ ಹೆಸರು ಹಾಳಾಗುತ್ತದೆಂದು ಗೊತ್ತಿತ್ತು. ಹಾಳಾಗಲಿ, ಅವನ ಮಾನವೂ ಜೊತೆಗೇ ಹೋಗಲಿ ಎಂದುಕೊಂಡು ಮೂಲೆಯಲ್ಲಿ ಸಹಿ ಹಾಕಿದಳು.

ಬಿಡುಗಡೆಯ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಭಾವ ಪುಸ್ತಕ ನೋಡಿಕೊಂಡೇ ಕಪ್ಪುಹಲಗೆಯ ಮೇಲೆ ಸಂಖ್ಯೆ ಬರೆದು ಭಾಗಿಸತೊಡಗಿದ. ಆರರ ತನಕ ಚಪ್ಪಾಳೆಯೋ ಚಪ್ಪಾಳೆ. ಏಳರಲ್ಲಿ ಎರಡು ಉಳಿಯಿತು. ಒರೆಸಿ ಮತ್ತೆ ಭಾಗಿಸಿದ, ಮತ್ತೆ ಎರಡು. ಯಾರೋ ಕಿಸಕ್ಕೆಂದರು.

"ಅಚ್ಚಿನ ತಪ್ಪು! ಪ್ರೂಫ್ ನೋಡಿದ್ದು ಇವಳೇ!" ಎಂದು ಬೆರಳು ತೋರಿಸಿದ.

ಅವಳು ಎದ್ದು ನಿಂತಳು. "ಹೌದು, ನಾನೇ. ಬೇಕಂತ್ಲೇ ಬಿಟ್ಟೆ. ಕಂಡುಹಿಡಿದೋರು ನೀವಲ್ವಾ ಭಾವ? ಸರಿಯಾದ್ದು ಬರೀರಿ, ನೋಡೋಣ."

ಕೊನೆಯ ಮೂರು ಅಂಕಿಗಳನ್ನು ಅದಲುಬದಲು ಮಾಡಿ ನೋಡಿದ್ದರೆ ಸಿಕ್ಕೇಬಿಡುತ್ತಿತ್ತು. ಆದರೆ ಅಷ್ಟು ಜನರೆದುರು ಅವನ ತಲೆ ಓಡಲಿಲ್ಲ, ಸೀಮೆಸುಣ್ಣ ಹಿಡಿದ ಕೈ ಮೇಲೇಳಲಿಲ್ಲ.

ಮುದ್ರಣಾಲಯದ ಮಾಲೀಕರು ಅಲ್ಲೇ, "ನಾಳೆಯಿಂದ ಬರ್ಬೇಡಿ" ಅಂದರು.

"ಆಯ್ತು" ಎಂದು ಅವಳು ವೇದಿಕೆ ಹತ್ತಿದಳು. ಭಾವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು 279 ಒರೆಸಿ 729 ಬರೆದಳು. ಏಳರಿಂದ, ಎಂಟರಿಂದ, ಒಂಬತ್ತರಿಂದ ಭಾಗಿಸಿ ತೋರಿಸಿದಳು. ಆಮೇಲೆ ಸಂಖ್ಯೆಯ ಕೆಳಗೆ ತನ್ನ ಪೂರ್ತಿ ಹೆಸರನ್ನು, ಕೊನೆಯ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಾಗಿ ಬರೆದಳು. ಭಾವನ ಮುಖ ನೋಡಿ ಅವಳ ಹೊಟ್ಟೆ ತಣ್ಣಗಾಯಿತು.