ಅಪ್ಪ ನೋಡದ ನಡುಭಾಗ

ಹೊಸ ತೊಗರಿ ಬರುವ ಮುಂಚಿನ ತಿಂಗಳುಗಳಲ್ಲಿ ಜೇವರ್ಗಿಯ ಮಾರುಕಟ್ಟೆಯ ಹರಾಜುಕಟ್ಟೆ ಖಾಲಿ ಇರುತ್ತದೆ. ಮೇಲೆ ತಗಡು, ಕೆಳಗೆ ವರ್ಷಗಟ್ಟಲೆ ಚೀಲ ಎಳೆದು ನುಣುಪಾದ ಕಾಂಕ್ರೀಟು. ನಾನು ಗಾಲಿಬೂಟು ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದದ್ದು ಅಲ್ಲಿಯೇ. ಟೀವಿಯಲ್ಲಿ ಹುಡುಗಿಯರು ಮಂಜುಗಡ್ಡೆಯ ಮೇಲೆ ಜಾರುತ್ತ ಬಂದು ಹಾರಿ, ಗಾಳಿಯಲ್ಲಿ ತಿರುಗಿ ಒಂಟಿ ಕಾಲಿನ ಮೇಲೆ ಇಳಿಯುವುದನ್ನು ನೀವು ನೋಡಿರಬಹುದು. ಅದೇ ಆಟ, ಮಂಜುಗಡ್ಡೆಯ ಬದಲು ನೆಲ, ಅಲಗಿನ ಬದಲು ಗಾಲಿ. ಚಿಕ್ಕವಳಿದ್ದಾಗ ಕಲಬುರಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಲಿತದ್ದು. ಎಂ.ಎಸ್ಸಿ. ಸೇರಿ ದಿನವೂ ಬಸ್ಸಿನಲ್ಲಿ ಓಡಾಡುವಾಗಲೂ ಬಿಟ್ಟಿರಲಿಲ್ಲ.

ಅಪ್ಪನ ಕಾಳಿನ ಅಂಗಡಿ ಆ ಕಟ್ಟೆಯ ಎದುರಿಗೇ ಇದೆ. ಗಾಲಿಯ ಕೆಳಗೆ ಒಂದು ತೊಗರಿ ಕಾಳು ಸಿಕ್ಕರೂ ಮುಗ್ಗರಿಸಿ ಬೀಳಬೇಕು. ಅದಕ್ಕೆ ನಾನು ಬೂಟು ಕಟ್ಟುವಷ್ಟರಲ್ಲಿ ಅಪ್ಪ ತಾವೇ ಬಂದು ಕಟ್ಟೆಯನ್ನು ಗುಡಿಸುತ್ತಿದ್ದರು. ಆ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಆಮೇಲೆ ಅಂಗಡಿಯ ಬಾಗಿಲಲ್ಲಿ ನಿಂತು, ನಾನು ಹಾರಿ ಇಳಿದೊಡನೆ ಹಮಾಲರ ಕಡೆ ತಿರುಗುತ್ತಿದ್ದರು.

"ನೋಡಿದ್ರೇನಲೇ? ಎರಡು ಸುತ್ತು!"

"ನೋಡಿದ್ವಿರಿ ಸಾವ್ಕಾರ್ರ. ಬೆನ್ನಿಗೊಂದು ಚೀಲಾ ಕಟ್ಟಿ ಹಾರಸ್ರಿ, ಲಾರಿ ತುಂಬೂದು ಹಗರ ಆಗ್ತದ."

ಅಪ್ಪ ನಗುತ್ತಿದ್ದರು. ನನಗೂ ಅದು ಹಿತವೆನಿಸುತ್ತಿತ್ತು. ಹಾರುವುದು ಆಟ, ಅದನ್ನು ಯಾರ ಮುಂದೆ ಬೇಕಾದರೂ ಮಾಡಬಹುದು. ಕೈಗಳನ್ನು ಎದೆಗೆ ಬಿಗಿದುಕೊಂಡು, ಹಲ್ಲು ಕಚ್ಚಿ ತಿರುಗುತ್ತೇನೆ. ಯಾರಾದರೂ ನನ್ನ ಮುಖ ನೋಡುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಜಿಗಿತದ ಹಿಂದೆ ಅಡಗಿಕೊಳ್ಳುವುದು ಸುಲಭ. ತೀರ್ಪುಗಾರರು ಮಾತ್ರ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದರು: ಜಿಗಿತ ಶುದ್ಧವಾಗಿದೆ, ಆದರೆ ಎರಡು ಜಿಗಿತಗಳ ನಡುವೆ ಏನೂ ಇಲ್ಲ, ಬರೀ ಓಡಾಟ. ಸುಳ್ಳೇನಲ್ಲ. ನಡುವೆ ಏನಾದರೂ ಇಡಬೇಕೆಂದರೆ ನನ್ನನ್ನೇ ಇಡಬೇಕಿತ್ತು.

ಹೋದ ಮಳೆಗಾಲದಲ್ಲಿ ಇಳಿಯುವಾಗ ಬಲಪಾದದ ಕೀಲು ತಿರುಗಿತು. ಬಾವು ಇಳಿದರೂ ನೋವು ಹೋಗಲಿಲ್ಲ. ಈ ಕಾಲಿನ ಮೇಲೆ ಹೆಚ್ಚೆಂದರೆ ಈ ವರ್ಷವಷ್ಟೇ ಹಾರಬಹುದು, ಮುಂದೆ ಆಗದು ಎಂದು ವೈದ್ಯರು ಹೇಳಿದರು. ಹಾಗಾಗಿ ಆಳಂದದಲ್ಲಿ ನಡೆಯಲಿದ್ದ ಆಯ್ಕೆಯೇ ನನಗೆ ರಾಜ್ಯಮಟ್ಟಕ್ಕೆ ಹೋಗುವ ಕಡೆಯ ಅವಕಾಶವಾಗಿತ್ತು. ಕಲಬುರಗಿಯಲ್ಲಿ ಆಟ ಕಲಿಸುವ ಸರ್ ನನ್ನ ಕಾಲನ್ನು ಒತ್ತಿ ನೋಡಿದರು.

"ಎರಡು ಸುತ್ತಿಂದು ಒಂದೇ ಸಲ ಇಡಮು. ಉಳಿದ ಜಿಗಿತ ತಗದ ಜಾಗಾದಾಗ ನಿಧಾನದ ಭಾಗ."

"ಅದು ನನಗ ಬರಂಗಿಲ್ರಿ ಸರ್."

"ಬರಂಗಿಲ್ಲ ಅನ್ಬ್ಯಾಡ. ನೀ ತೋರಸಂಗಿಲ್ಲ."

ನಾನು ಸಾರಂಗಿಯ ಒಂದು ತುಣುಕನ್ನು ಆರಿಸಿಕೊಂಡೆ. ಒಂದು ಕಾಲನ್ನು ಹಿಂದಕ್ಕೆ ಚಾಚಿ, ತೋಳುಗಳನ್ನು ಬಿಚ್ಚಿ, ಮುಖವೆತ್ತಿ ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ತೇಲಿಹೋಗಬೇಕು. ಮೊದಲ ದಿನ ಫೋನಿನಿಂದ ಸಾರಂಗಿ ಕೇಳುತ್ತಲೇ ಹಮಾಲರಲ್ಲಿ ಹಿರಿಯನೊಬ್ಬ ಕೂಗಿದ, "ಯಾವ ಲೀಡರ್ ಸತ್ತನ್ರಿ ಅಕ್ಕೋರ? ಹಿಂದಕ ರೇಡಿಯೋದಾಗ ಹಿಂಗಽ ಹಚ್ತಿದ್ರು. ನಮಗ ಸೂಟಿ ಅದೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತೋಳು ಬಿಚ್ಚಿ ತೇಲುತ್ತ ಅಂಗಡಿಯ ಮುಂದೆ ಬಂದಾಗ ಅಪ್ಪನನ್ನು ನೋಡಿದೆ. ಅವರು ಬೆನ್ನು ತಿರುಗಿಸಿ ಚೀಲದ ಬಾಯಿಗೆ ಕಟ್ಟಿದ ಸುತಳಿ ಬಿಗಿ ಇದೆಯೇ ಎಂದು ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಬಾಗಿಲು ಪೂರ್ತಿ ಮುಚ್ಚದ ಕೋಣೆಯ ಮುಂದೆ ಹಾಯುವವರು ಮುಖ ಆ ಕಡೆ ತಿರುಗಿಸುತ್ತಾರಲ್ಲ, ಹಾಗಿತ್ತು. ಮರುದಿನವೂ ಹಾಗೆಯೇ ಆಯಿತು. ಜಿಗಿತಕ್ಕೆ ಬಾಗಿಲಿಗೆ ಬರುವರು. ಸಾರಂಗಿ ಶುರುವಾದರೆ ಒಳಗೆ ಏನೋ ಕೆಲಸ ನೆನಪಾಗುವುದು.

ಅವ್ವನ ಕಿವಿಗೂ ಬಿತ್ತು. ರೊಟ್ಟಿ ಬಡಿಯುತ್ತ ಕೇಳಿದಳು, "ಆ ನಡುವಿಂದು ತಗದು ಹಾರೂದೊಂದಽ ಇಟ್ರ ನಡಿಯಂಗಿಲ್ಲೇನ ಬೇ?"

"ಕಾಲು ತಡಿಯಂಗಿಲ್ಲ."

"ಹಂಗಾರ ಹಾರೂದು ತಗದ್ರ?"

"ಅಪ್ಪ ನೋಡಾಕ ಬರಂಗಿಲ್ಲ."

ಅವ್ವ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಆಳಂದದ ಒಂದು ಶಾಲೆಯ ಚಾವಣಿ ಹಾಕಿದ ಅಂಗಳದಲ್ಲಿ ಆಯ್ಕೆ ನಡೆಯಿತು. ಅಪ್ಪ ನನ್ನ ಬೂಟಿನ ಚೀಲ ಹಿಡಿದುಕೊಂಡು ಬಂದಿದ್ದರು. ಅಫಜಲಪುರದಿಂದ ಬಂದ ಎಳೆಯ ಹುಡುಗಿಯೊಬ್ಬಳು ನನಗಿಂತ ಮೊದಲು ಅಂಗಳಕ್ಕೆ ಇಳಿದು, ಕುಂಟಾಟ ಆಡಿದಷ್ಟು ಸಲೀಸಾಗಿ ಎರಡು ಸುತ್ತು ಹಾರಿ ಹೋದಳು. ಅವಳಿಗೆ ನಡುಭಾಗವೆಂಬುದೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನನ್ನ ಸರದಿ ಬಂತು. ಕಾಲಿನ ಅಂಜಿಕೆಯಿಂದ ಗಾಳಿಯಲ್ಲಿ ಕೈಗಳನ್ನು ಬೇಗ ಬಿಚ್ಚಿಬಿಟ್ಟೆ. ಒಂದೇ ಸುತ್ತಾಯಿತು. ಬೀಳಲಿಲ್ಲ, ಅಷ್ಟೆ. ಹಿಂದೆಯೇ ಸಾರಂಗಿ ಬಂತು. ಇನ್ನು ಉಳಿದದ್ದು ಇದೊಂದೇ ಎಂದುಕೊಂಡು ಮುಖವೆತ್ತಿದೆ. ಅಪ್ಪ ಕುಳಿತ ಸಾಲು ಎದುರಿಗೇ ಬಂತು. ಅವರು ತಲೆ ತಗ್ಗಿಸಿ ಬೂಟಿನ ಚೀಲದ ದಾರವನ್ನು ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ನಾನು ಮುಖ ಇಳಿಸಲಿಲ್ಲ. ಗೋಡೆಯವರೆಗೂ ಹಾಗೆಯೇ ತೇಲಿಹೋದೆ.

ಕಲಾತ್ಮಕತೆಗೆ ನನಗೆ ಎಂದೂ ಬಾರದಷ್ಟು ಅಂಕ ಬಂತು. ಆದರೂ ಆಯ್ಕೆಯಾದವರಲ್ಲಿ ನಾನಿರಲಿಲ್ಲ. ಸರ್ ಹತ್ತಿರ ಬಂದು, "ಆ ಎರಡು ಸುತ್ತು ನಿಂತಿದ್ರ ಹೋಗ್ತಿದ್ದಿ" ಎಂದರು. ಆಮೇಲೆ, "ನಡುವಿಂದು ಇಷ್ಟು ವರ್ಷ ಎಲ್ಲಿಟ್ಟಿದ್ದಿ?" ಎಂದು ಕೇಳಿದರು. ಬೂಟು ಬಿಚ್ಚುವ ನೆವದಲ್ಲಿ ಬಾಗಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ಬೂಟಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಎರಡು ಸುತ್ತು ಆಗ್ಲಿಲ್ಲ."

"ಇಲ್ರಿ."

"ಆಮ್ಯಾಲಿಂದು ಭಾಳ ಚಲೋ ಆತಂತ. ಸರ್ ಅಂದ್ರು."

"ನೀವು ನೋಡ್ಲಿಲ್ಲೇನ್ರಿ ಅಪ್ಪಾ?"

ಅವರು ಕಿಟಕಿಯ ಕಡೆ ತಿರುಗಿದರು. "ಅಷ್ಟು ಮಂದಿ ನೋಡಾಕತ್ತಿದ್ರು ಯವ್ವಾ. ನಾ ಹೆಂಗ ನೋಡ್ಲಿ?"

ಅಷ್ಟು ಜನರ ಮುಂದೆ ಮುಖವೆತ್ತಲು ನನಗೇ ಎಷ್ಟು ವರ್ಷ ಬೇಕಾಯಿತು!

ಹೊಸ ತೊಗರಿಯ ಚೀಲಗಳು ಬರತೊಡಗಿದವು. ಕಟ್ಟೆ ಪೂರ್ತಿ ತುಂಬುವ ಮುನ್ನ ಒಂದು ಮಧ್ಯಾಹ್ನ, ಹಮಾಲರು ಊಟಕ್ಕೆ ಹೋದಾಗ, ಕಾಲಿನ ಕೀಲಿಗೆ ಪಟ್ಟಿ ಸುತ್ತಿಕೊಂಡು ಬೂಟು ಹಾಕಿದೆ. ಅಪ್ಪ ಏನೂ ಕೇಳದೆ ಉಳಿದ ಜಾಗವನ್ನು ಗುಡಿಸಿದರು.

"ಇವತ್ತ ಹಾರಂಗಿಲ್ರಿ" ಎಂದು ಹೇಳಿ ಫೋನನ್ನು ಅವರ ಕೈಗೆ ಕೊಟ್ಟೆ. "ಸಾರಂಗಿ ಹಚ್ರಿ."

ಅವರು ಹಚ್ಚಿದರು. ಹಚ್ಚಿ, ಫೋನನ್ನು ಎದೆಯ ಹತ್ತಿರ ಹಿಡಿದುಕೊಂಡು ಚೀಲಗಳ ಕಡೆ ಮುಖಮಾಡಿ ನಿಂತರು. ಒಳಗೆ ಮಾತ್ರ ಹೋಗಲಿಲ್ಲ. ನಾನು ತೋಳು ಬಿಚ್ಚಿದೆ. ಸಾರಂಗಿ ನಿಂತಾಗ ತಿರುಗದೆಯೇ ಕೇಳಿದರು, "ಮುಗೀತೇನು?"

"ಇನ್ನೂ ಇಲ್ರಿ" ಅಂದೆ.

ಗಾಲಿಯ ಸದ್ದು ಅವರಿಗೆ ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವರು ಹಾಗೆಯೇ ಚೀಲಗಳನ್ನು ನೋಡುತ್ತ ನಿಂತಿದ್ದರು.