ಎಂಟನೇ ಪಾಠದ ನಂತರ

ಮಂಜುಳಾ, ನಿನ್ನ ಪಾಠಗಳನ್ನು ಯಾರೂ ನೋಡುತ್ತಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಮಕ್ಕಳು ನೋಡುತ್ತಿದ್ದರು. ಅದು ಗೊತ್ತಿದ್ದೇ ಹೇಳಿದೆ.

ಅದರ ಹಿಂದಿನ ದಿನ ಭಾನುವಾರ. ನಮ್ಮಿಬ್ಬರ ಪಾಲಿಗೆ ಅದೇ ಕೊನೆಯ ಸಾಧಾರಣ ದಿನ — ಆಗ ಗೊತ್ತಿರಲಿಲ್ಲ. ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು. ಗಡಿಯಾಚೆ ತಮಿಳು ಸೀಮೆಯ ಜೂಜುವಾಡಿಯ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ನಿಂತು ನೀನು ಐದನೇ ತರಗತಿಯ ಗಣಿತ ಹೇಳುತ್ತಿದ್ದೆ. ಮೊಬೈಲ್ ಹಿಡಿದವನು ನಾನು. ಹೆದ್ದಾರಿಯಲ್ಲಿ ಲಾರಿ ಹಾರನ್ ಹೊಡೆದಾಗಲೆಲ್ಲ ನೀನು ಮಾತು ನಿಲ್ಲಿಸಿ, ನಕ್ಕು, ಮತ್ತೆ ಶುರು ಮಾಡುತ್ತಿದ್ದೆ.

ನೀನು ಓದಿದ ಸಾನಮಾವು ಕಡೆಯ ಕನ್ನಡ ಶಾಲೆಯ ಸರೋಜಮ್ಮ ಟೀಚರ್ ಕೇಳಿಕೊಂಡಿದ್ದರು. ಕರ್ನಾಟಕದವರ ವಿಡಿಯೊಗಳು ನಮ್ಮ ಮಕ್ಕಳ ಪುಸ್ತಕಕ್ಕೆ ಹೊಂದುತ್ತಿರಲಿಲ್ಲ. ಪುಸ್ತಕಕ್ಕೆ ಹೊಂದುವ ವಿಡಿಯೊಗಳು ತಮಿಳಿನಲ್ಲಿದ್ದವು. ನಡುವೆ ಸಿಕ್ಕಿಕೊಂಡ ಮಕ್ಕಳಿಗಾಗಿ, ಪ್ಲಸ್ ಟೂ ಮುಗಿಸಿ ಮನೆಯಲ್ಲಿದ್ದ ನೀನು ನಿಂತೆ.

ಅವತ್ತು ಎಂಟನೇ ಪಾಠ, ಭಿನ್ನರಾಶಿ. ಮಕ್ಕಳ ಅಪ್ಪ ಅಮ್ಮಂದಿರು ಗುಲಾಬಿ ಬೆಳೆಯುವ ಶೆಡ್ಡುಗಳಲ್ಲಿ ಕೆಲಸ ಮಾಡುವವರು ಎಂದು ನಿನಗೆ ಗೊತ್ತಿತ್ತು.

“ಒಂದು ಕಟ್ಟಿಗೆ ಇಪ್ಪತ್ತು ಗುಲಾಬಿ. ಐದು ಬಾಡೋಯ್ತು. ಎಷ್ಟು ಭಾಗ ಹೋಯ್ತು ಹೇಳ್ರಲಾ? ಕಾಲು ಭಾಗ ಹೋಗ್ಬುಡ್ತು ಕಣ್ಲಾ! ಇದೇ ಭಿನ್ನರಾಶಿ. ತಮಿಳಲ್ಲಿ ಪಿನ್ನಂ ಅಂತಾರೆ, ತೆಲುಗಲ್ಲಿ ಭಿನ್ನಂ. ಹೆಸರು ಯಾವುದಾದ್ರೂ ಆಗ್ಲಿ, ಬಾಡಿದ್ದು ಅದೇ ಐದು.”

ನಾನು ಅದನ್ನು ಅಂದೇ ಇಂಟರ್ನೆಟ್ಟಿಗೆ ಹಾಕಿದೆ.

ಮರುದಿನ ಕಂಪನಿ ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ ನಮ್ಮ ಲೈನಿನಲ್ಲೇ ಕೆಲಸ ಮಾಡುವ ಮಂಡ್ಯ ಕಡೆಯ ಪ್ರಕಾಶ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹಾಕಿದ. “ಏನ್ ಗುರು, ನಿಮ್ಮನೆಯೋರು ಪಾಠ ಮಾಡ್ತಾವ್ರೋ, ಬಾರ್ಡರ್‌ನಲ್ಲಿ ಕಂಡಕ್ಟರ್ ಕೂಗ್ದಂಗೆ ಕೂಗ್ತಾವ್ರೋ? ಒಂದೇ ಟಿಕೆಟ್ಟಿಗೆ ಮೂರು ಭಾಷೆ!”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಮಂಜುಳಾ, ನಾನೂ —

ಆ ಬಸ್ಸಿನಲ್ಲಿ ನಾನು ಐದಾರು ವರ್ಷದಿಂದ ಪುಸ್ತಕದ ಕನ್ನಡ ಆಡಿಕೊಂಡು ಬಂದವನು. ಬೆಂಗಳೂರಿನವರ ಮುಂದೆ ‘ಬತ್ತೀನಿ’ ಎನ್ನಲು ನಾಚಿ ‘ಬರುತ್ತೇನೆ’ ಎನ್ನುತ್ತಿದ್ದವನು. ನೀನು ಯಾವ ನಾಚಿಕೆಯೂ ಇಲ್ಲದೆ ಮನೆಯಲ್ಲಿ ಆಡುವ ಹಾಗೆಯೇ ಲೋಕದ ಮುಂದೆ ಆಡಿಬಿಟ್ಟಿದ್ದೆ. ಬಸ್ಸಿನಿಂದ ಇಳಿಯುವ ಮೊದಲೇ ನಾನು ಎಂಟೂ ಪಾಠಗಳನ್ನು ಯಾರಿಗೂ ಕಾಣದ ಹಾಗೆ ಮುಚ್ಚಿದೆ.

ಸಂಜೆ ನೀನು ಬೇಳೆ ಬೇಯಿಸುತ್ತಾ ಕೇಳಿದೆ. “ಎಷ್ಟ್ ಜನ ನೋಡಿದ್ರು ರೀ?”

“ಯಾರೂ ನೋಡ್ತಾ ಇಲ್ಲ ಕಣೇ.”

“ಒಂದ್ ಮಗೂನೂ ಇಲ್ವಾ?”

“ಇಲ್ಲ.”

ನೀನು ಬೇಳೆಗೆ ಸೌಟು ಹಾಕಿ ತಿರುವಿದೆ. “ಹೋಗ್ಲಿ ಬಿಡಿ. ದಿನಾ ನೋಡೋಕೆ ನಾನೇನ್ ಸೀರಿಯಲ್ ಹೀರೋಯಿನ್ನಾ?” ಎಂದು ನಕ್ಕೆ. ಅಷ್ಟೆ. ಆಮೇಲೆ ನೀನು ತಾರಸಿಗೆ ಬಟ್ಟೆ ಒಣಹಾಕಲು ಮಾತ್ರ ಹೋದೆ.

ನಿನಗೆ ಬೇರೆ ಮೊಬೈಲ್ ಇರಲಿಲ್ಲ. ಮಕ್ಕಳ ಧ್ವನಿಸಂದೇಶಗಳೆಲ್ಲ ನನ್ನ ನಂಬರಿಗೇ ಬಂದವು. “ಅಕ್ಕಾ, ನಾನು ಚೈತ್ರಾ. ಪಾಠ ಕಾಣ್ತಾನೇ ಇಲ್ಲಕ್ಕಾ. ಒಂಬತ್ತನೇದು ಯಾವಾಗ? ನಮ್ ಹೊಲಕ್ಕೆ ಆನೆ ಬಂದೈತೆ, ಎಲ್ಲಾ ಒಳಗೇ ಕೂತಿದೀವಿ. ಬೇಗ ಹಾಕಕ್ಕಾ.” ಕೇಳಿದೆ, ಅಳಿಸಿದೆ. ಸರೋಜಮ್ಮ ಟೀಚರ್ ಫೋನ್ ಮಾಡಿದಾಗ ನಿನಗೆ ಹುಷಾರಿಲ್ಲ ಎಂದೆ. ಮರುವರ್ಷ ನಿನಗೆ ನಿಜವಾಗಿಯೂ ಹುಷಾರು ತಪ್ಪಿತು. ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಿದ್ದಾಗ ಹೇಳಬಹುದಿತ್ತು — ನೀನು ಮನೆಗೆ ಬಂದ ಮೇಲೆ ಹೇಳೋಣ ಅಂದುಕೊಂಡೆ. ನೀನು ಮನೆಗೆ ಬರಲಿಲ್ಲ.

ಆಮೇಲೆ ಆ ಎಂಟು ಪಾಠಗಳು ನನ್ನೊಬ್ಬನ ಸ್ವತ್ತಾದವು. ಕೆಲಸದಿಂದ ಬಂದು ನೋಡುತ್ತಿದ್ದೆ. ನೀನು “ಹೇಳ್ರಲಾ” ಎಂದು ಕೇಳಿ, ಉತ್ತರಕ್ಕೆ ಕಾಯುತ್ತೀಯಲ್ಲ — ಆ ಖಾಲಿ ಜಾಗ ಮಕ್ಕಳಿಗೆ ಬಿಟ್ಟಿದ್ದು. ಅಲ್ಲಿ ನಾನು ಕೂತಿದ್ದೆ.

ಈ ವರ್ಷ ಶಾಲೆ ಶುರುವಾದಾಗ ಸರೋಜಮ್ಮ ಟೀಚರ್ ಮನೆಗೆ ಬಂದರು. “ಶಾಲೆಗೆ ದೊಡ್ಡ ಟಚ್ ಬೋರ್ಡ್ ಕೊಟ್ಟವ್ರೆ ಕಣಪ್ಪಾ. ಮುಟ್ಟಿದ್ರೆ ಪ್ರಪಂಚವೇ ಬತ್ತದೆ, ನಮ್ ಮಕ್ಕಳ ಪಾಠ ಮಾತ್ರ ಬರಲ್ಲ. ಮಂಜುಳಾ ಮಾಡಿದ್ದು ಎಲ್ಲಾದ್ರೂ ಉಳ್ಕಂಡೈತಾ?”

ಕೊಟ್ಟೆ. ಯಾಕೆ ಮುಚ್ಚಿಟ್ಟಿದ್ದೆ ಎಂದು ಹೇಳಲಿಲ್ಲ.

ನನ್ನನ್ನೂ ಕರೆದರು. ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ನೀನು ಗೋಡೆಯಷ್ಟು ದೊಡ್ಡವಳಾಗಿ ಬಂದೆ. ನೀನು ಪ್ರಶ್ನೆ ಕೇಳಿ ಸುಮ್ಮನಾದ ಕೂಡಲೇ ಇಡೀ ಕ್ಲಾಸು ಕೂಗಿತು — “ಕಾಲು ಭಾಗ!” ಸರಿಯಾಗಿ ಅದೇ ಹೊತ್ತಿಗೆ ನೀನು “ಕಾಲು ಭಾಗ ಹೋಗ್ಬುಡ್ತು ಕಣ್ಲಾ” ಎಂದೆ. ಮಕ್ಕಳು ಗೆದ್ದವರ ಹಾಗೆ ಬೆಂಚು ಬಡಿದರು. ಮನೆಯಲ್ಲಿ ತೆಲುಗು ಆಡುವ ಒಂದು ಹುಡುಗಿ ಎದ್ದು ಬಂದು, ಬೋರ್ಡಿನ ಮೇಲೆ ಬೆರಳಿನಲ್ಲೇ ಹೂ ಬರೆದು ಭಾಗ ಮಾಡಿದಳು. ಬಸ್ಸಿನಲ್ಲಿ ಯಾವ ಮಾತಿಗೆ ನಗೆ ಬಿದ್ದಿತ್ತೋ ಅದೇ ಮಾತು ಅಲ್ಲಿ ಮೂರು ಭಾಷೆಯ ಮನೆಗಳ ಬಾಗಿಲು ತೆಗೆಯಿತು.

ಒಂಬತ್ತನೇ ಪಾಠ ಬೇಕಾದಾಗ ಟೀಚರ್ ಮಗ ಒಂದು ದಾರಿ ಹೇಳಿದ. ಇರುವ ಪಾಠಗಳನ್ನು ಕಂಪ್ಯೂಟರಿಗೆ ಕೇಳಿಸಿದರೆ ಸಾಕು, ಉಳಿದದ್ದನ್ನು ಅದು ನಿನ್ನ ದನಿಯಲ್ಲೇ ಹೇಳುತ್ತದಂತೆ. ಮಾದರಿಯನ್ನೂ ಮಾಡಿ ತಂದ. ನಿನ್ನದೇ ದನಿ, ಮಂಜುಳಾ. ಶುದ್ಧವಾದ ಕನ್ನಡ. ನಾನು ಅಂದು ಬಯಸಿದ್ದ ಹಾಗೆಯೇ — ಎಲ್ಲೂ ತಡವರಿಸದ, ಯಾರೂ ನಗಲಾಗದ ಕನ್ನಡ. ನಾನು ಕೈ ಚಾಚಿ ಅದನ್ನು ನಡುವೆಯೇ ನಿಲ್ಲಿಸಿದೆ.

“ನಿಮ್ಮ ಭಾಷೆಯನ್ನೂ ಕಲಿಸಬಹುದು ಅಂಕಲ್,” ಎಂದ ಹುಡುಗ. ಕಲಿಸಬಹುದು, ಅನುಮಾನವಿಲ್ಲ. ಪುಸ್ತಕ ಪೂರ್ತಿಯಾಗುತ್ತದೆ. ನೀನು ಎಂಟಕ್ಕೇ ನಿಲ್ಲಿಸಿದ್ದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಯಾಕೆ ನಿಲ್ಲಿಸಿದೆ ಎಂದು ಯಾರೂ ಕೇಳುವುದಿಲ್ಲ. ಒಂದು ಸಹಿಯೂ ಬೇಡ, ನಾನು ಹೂಂ ಎಂದರೆ ಸಾಕಿತ್ತು.

“ಬೇಡ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಬಸ್ಸು, ನಗು, ಮುಚ್ಚಿದ್ದು, ಅಳಿಸಿದ್ದು. ಫೋನಿನಲ್ಲಿ ಹೇಳಿದ ಹುಷಾರಿಲ್ಲದ ಸುಳ್ಳು.

ಸರೋಜಮ್ಮ ಟೀಚರ್ ನನ್ನ ಮುಖ ನೋಡಲಿಲ್ಲ. “ಮಕ್ಕಳು ಕೇಳ್ದಾಗೆಲ್ಲ, ಅಕ್ಕಂಗೆ ಹುಷಾರಾಗ್ಲಿ ಅಂತ ಬೇಡ್ಕೊಳ್ರಿ ಅಂದೆ. ದಿನಾ ಅವ್ರವ್ರ ಮನೇಲೇ ಪ್ರಾರ್ಥನೆಗೆ ನಿಲ್ಸಿದೆ ಕಣಪ್ಪಾ,” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆನೆ ಬಂದ ದಿನ ಒಳಗೆ ಕೂತು ಕಾದಿದ್ದ ಚೈತ್ರಾ ಈಗ ಹತ್ತನೇ ತರಗತಿ. ಅವಳಿಗೂ ನಾನೇ ಹೋಗಿ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾರೆ ಒಂಬತ್ತನೇದು ನಾನು ಹೇಳ್ತೀನಿ. ಕ್ಯಾಮೆರಾ ನೀವೇ ಹಿಡೀಬೇಕು. ಒಂದನ್ನೂ ಅಳಿಸ್ಕೂಡ್ದು,” ಎಂದಳು.

ಅಳಿಸಲಿಲ್ಲ. ಒಂಬತ್ತು, ಹತ್ತು — ಒಂದೊಂದಾಗಿ ಪುಸ್ತಕದ ಕೊನೆಯವರೆಗೂ ಆಯಿತು. ಮೂರು ಭಾಷೆಯಲ್ಲೂ ಕೂಗಿ ಹೇಳುತ್ತಾಳೆ, ನಿನಗಿಂತ ಜೋರು. ಬಾಗಲೂರಿನ ಶಾಲೆಯವರು ಕೇಳಿ ತೆಗೆದುಕೊಂಡು ಹೋದರು. ಕೊರೊನಾದಲ್ಲಿ ಓದು ಬಿಟ್ಟು ಶೆಡ್ಡಿಗೆ ಹೂ ಕೀಳಲು ಹೋಗಿದ್ದ ಇಬ್ಬರು ಹುಡುಗಿಯರು ಮೊಬೈಲಿನಲ್ಲಿ ಇವೇ ಪಾಠಗಳಿಂದ ಶುರು ಮಾಡಿ, ಈಗ ಪರೀಕ್ಷೆಗೆ ಕಟ್ಟಿದ್ದಾರೆ. ನಾನು ಬಸ್ಸಿನಲ್ಲಿ ಈಗ ದೊಡ್ಡ ದನಿಯಲ್ಲೇ ಹಾಕುತ್ತೇನೆ. ಮೊನ್ನೆ ಪ್ರಕಾಶ ತನ್ನ ಮಗಳಿಗೆ ಲಿಂಕ್ ಕೇಳಿದ. ಕೊಟ್ಟೆ.

ಇಷ್ಟೆಲ್ಲ ನಿನ್ನಿಂದ ಆಯಿತು. ನಾನು ಅಡ್ಡ ನಿಂತರೂ ಆಯಿತು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡಬೇಕಾದವಳು ನೀನು, ನೀನೇ ಇಲ್ಲ.

ಪಾಠಗಳೆಲ್ಲ ಇವೆ. ಮಕ್ಕಳಿದ್ದಾರೆ. ಅವರು ನೋಡುತ್ತಿದ್ದರು ಎಂಬುದು ನಿನಗೆ ಗೊತ್ತಾಗಲಿಲ್ಲ.